ಲೋಡ್ ಮಾಡುವಾಗ 1956-11-01ಕ್ಕಿಂತ ಹಿಂದಿನ ತಾರೀಕೆಲ್ಲ ಹೊರಗೆ ಬೀಳ್ತಾ ಉಂಟು. ಎನ್‌ಫೋರ್ಸ್ ನೋ (ಕನ್‌ಸ್ಟ್ರೇಂಟ್ ತಪಾಸಣೆ ಬಿಟ್ಟು ಲೋಡ್ ಮಾಡುವ ಆಯ್ಕೆ) ಹಾಕಬಹುದಾ?

ಪೆರ್ಲ_ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ಜೆಡ್‌ಓಎಸ್ (ಮೇನ್‌ಫ್ರೇಮ್) ಮೇಲಿನ ಡಿಬಿ2 ಡೇಟಾಬೇಸ್, ಆವೃತ್ತಿ 12. ಬಲ್ಲವರು ಸ್ವಲ್ಪ ಹೇಳಿ.

ಅಡಮಾನ ಸಾಲದ ಒಂದು ಟೇಬಲ್. ಅದರಲ್ಲಿ ಜಾಗದ ಮೂಲ ದಸ್ತಾವೇಜಿನ ತಾರೀಕಿಗೆ ಒಂದು ಡೇಟ್ ಕಾಲಮ್ ಉಂಟು. ಕಾಸರಗೋಡು, ಮಂಜೇಶ್ವರ ಕಡೆಯ ಹಳೆ ಕಾಗದಗಳನ್ನು ಟೈಪ್ ಮಾಡಿಸಿ ಕಳಿಸಿದ್ದಾರೆ, ಒಟ್ಟು 38,400 ರೆಕಾರ್ಡು. ಲೋಡ್ (ಫೈಲನ್ನು ಟೇಬಲಿಗೆ ತುಂಬುವ ಯುಟಿಲಿಟಿ) ಓಡಿಸಿದರೆ 2,117 ಡಿಸ್ಕಾರ್ಡ್, ಅಂದರೆ ಹೊರಗೆ. ಜಾಬ್ ರಿಟರ್ನ್ ಕೋಡ್ 4ರಲ್ಲಿ (ಎಚ್ಚರಿಕೆ ಮಾತ್ರ) ಮುಗಿದಿದೆ. ಕಾಲಮ್ ಮೇಲೆ ಚೆಕ್ ಕನ್‌ಸ್ಟ್ರೇಂಟ್ ಉಂಟು: '1956-11-01' ಮತ್ತು '2030-12-31' ನಡುವೆ ಇರಬೇಕು ಅಂತ. ಕೇರಳ ಆದ ದಿನದಿಂದ ಶುರು ಮಾಡಿದ್ದಾರೆ. ಆದರೆ ನಮ್ಮ ಕಡೆ 1938ರದ್ದು, 1947ರದ್ದು ಮೂಲಗೇಣಿ (ಶಾಶ್ವತ ಗೇಣಿ) ಚೀಟು, ಕ್ರಯಪತ್ರ ಬೇಕಾದಷ್ಟು ಉಂಟಲ್ವಾ? ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸಿನ ಕೆಳಗೆ. ಕಾಗದ ಸರಿ, ತಾರೀಕು ಸರಿ, ಟೇಬಲ್ ತೆಗೆದುಕೊಳ್ಳುವುದಿಲ್ಲ.

ಎನ್‌ಫೋರ್ಸ್ ನೋ ಹಾಕಿ ಶನಿವಾರ ರಾತ್ರಿ ತಳ್ಳಿಬಿಡು ಅಂತ ಹೇಳ್ತಾ ಇದ್ದಾರೆ. ಆಮೇಲೆ ಎಂತ ಆಗ್ತದೆ ಅಂತ ತಿಳಿದೇ ಮಾಡಬೇಕು ಅಂತ ಕೇಳ್ತಿದ್ದೇನೆ.

ಹೊಸೂರು_ರಾಗಿ
ಹಾಕಿ ಸಾರ್. ಲಾಗ್ ನೋ (ಲಾಗ್ ಬರೆಯದೆ), ಎನ್‌ಫೋರ್ಸ್ ನೋ. ಟೇಬಲ್‌ಸ್ಪೇಸ್ (ಟೇಬಲ್ ಕೂತಿರೋ ಜಾಗ) ಚೆಕ್ ಪೆಂಡಿಂಗ್‌ಗೆ ಹೋಗುತ್ತೆ, ಅಂದ್ರೆ ತಪಾಸಣೆ ಆಗೋವರೆಗೂ ಬಂದ್. ರಿಪೇರ್ ಸೆಟ್ ಟೇಬಲ್‌ಸ್ಪೇಸ್ ನೋಚೆಕ್‌ಪೆಂಡ್ ಕೊಡಿ, ತೆರೆದುಕೊಳ್ಳುತ್ತೆ. ಐದು ನಿಮಿಷದ ಕೆಲಸ.

ಅಕ್ಕಲಕೋಟಿ_ಬ್ಯಾಚ್
ಹಂಗ ಮಾಡಬ್ಯಾಡ್ರಿ. ಐದು ನಿಮಿಷ ಖರೆ, ಆಮ್ಯಾಲ ಐದು ವರ್ಷ ಕಾಡ್ತದ.

ಎನ್‌ಫೋರ್ಸ್ ನೋ ಅಂದ್ರ ಬರೇ ತಾರೀಕಿನ ಚೆಕ್ ಬಂದ್ ಆಗಂಗಿಲ್ರಿ. ಆ ಟೇಬಲ್ ಮ್ಯಾಲಿನ ಎಲ್ಲಾ ಚೆಕ್ ಕನ್‌ಸ್ಟ್ರೇಂಟೂ ಬಂದ್, ಫಾರಿನ್ ಕೀ (ಬ್ಯಾರೆ ಟೇಬಲ್ ಜೋಡಿ ಕೊಂಡಿ) ತಪಾಸಣೀನೂ ಬಂದ್. ಒಂದು ಬಿಡು, ಒಂದು ಹಿಡಿ ಅನ್ನೂ ಆಯ್ಕೆ ಅದರಾಗ ಇಲ್ಲ. ಶಾಖೆ ಕೋಡ್ ತಪ್ಪಿದ ರೆಕಾರ್ಡ್ ನಾಕು ಇದ್ರೂ ಅವೂ ಒಳಗ ಕೂಡ್ತಾವ, ಯಾರಿಗೂ ಗೊತ್ತಾಗಂಗಿಲ್ಲ.

ಇನ್ನ ನೋಚೆಕ್‌ಪೆಂಡ್. ಅದು ಫ್ಲ್ಯಾಗ್ ಒರಸ್ತದ ಅಷ್ಟ, ಒಂದು ಸಾಲೂ ತಪಾಸ ಮಾಡಂಗಿಲ್ಲ. ಕ್ಯಾಟಲಾಗಿನ್ಯಾಗ (ಡಿಬಿ2 ತನ್ನ ಲೆಕ್ಕ ಇಡೂ ಟೇಬಲ್‌ಗಳು) ಕನ್‌ಸ್ಟ್ರೇಂಟ್ ಹಂಗ ಇರ್ತದ, ಟೇಬಲ್‌ದಾಗ ಅದಕ್ಕ ವಿರುದ್ಧ ಸಾಲು ಕೂತಿರ್ತಾವ. ಮುಂದಿನ ವರ್ಷ ಯಾರೋ ಟೇಬಲ್ ಅನ್‌ಲೋಡ್ ಮಾಡಿ ಬ್ಯಾರೆ ಕಡೆ ಲೋಡ್ ರಿಪ್ಲೇಸ್ ಹಾಕ್ತಾರ. ಆವಾಗ ಡಿಫಾಲ್ಟ್ ಎನ್‌ಫೋರ್ಸ್ ಕನ್‌ಸ್ಟ್ರೇಂಟ್ಸ್ ಇರ್ತದ. ನಿಮ್ಮ ಹಳೇ ಸಾಲು ಎಲ್ಲಾ ಹೊರಗ. ರಿಟರ್ನ್ ಕೋಡ್ ಮತ್ತ 4. ಶೆಡ್ಯೂಲರ್‌ದಾಗ 4ರ ತನಕ ಪಾಸ್ ಅಂತ ಬರದಿರ್ತಾರ. ಮುಗೀತು.

ಹೊಸೂರು_ರಾಗಿ
ನೋಚೆಕ್‌ಪೆಂಡ್ ಬೇಡ ಅಂದ್ರೆ ಚೆಕ್ ಡೇಟಾ (ಸಾಲುಗಳನ್ನ ತಪಾಸಣೆ ಮಾಡೋ ಯುಟಿಲಿಟಿ) ಓಡಿಸಲಿ. ಅದು ಸರಿಯಾದ ದಾರಿ ತಾನೆ?

ಅಕ್ಕಲಕೋಟಿ_ಬ್ಯಾಚ್
ಓಡಿಸಿದ್ರ ಏನಾಗ್ತದ ವಿಚಾರ ಮಾಡ್ರಿ. ಕನ್‌ಸ್ಟ್ರೇಂಟ್ ಹಳೇದೇ ಅದ. ಇವರು ಬೇಕಂತನ ಹಾಕಿದ ಸಾಲೇ ಅದಕ್ಕ ತಪ್ಪಾಗಿ ಕಾಣ್ತಾವ. ಡಿಲೀಟ್ ಯೆಸ್ ಕೊಟ್ರ ಎಕ್ಸೆಪ್ಷನ್ ಟೇಬಲ್‌ಗೆ ಎತ್ತಿ ಹಾಕಿ ಮೂಲದಾಗಿಂದ ಅಳಸ್ತದ, ಅವುಗಳ ಮ್ಯಾಲ ಅವಲಂಬಿಸಿದ ಮಕ್ಕಳ ಸಾಲೂ ಸಂಗಟ ಹೋಗ್ತಾವ. ಡಿಲೀಟ್ ನೋ ಕೊಟ್ರ ಚೆಕ್ ಪೆಂಡಿಂಗ್ ಹೋಗಂಗೇ ಇಲ್ಲ. ಎರಡೂ ಕಡೆ ಗ್ವಾಡಿ.

ಹೊಸೂರು_ರಾಗಿ
ಹೌದು, ಅದು ಸರಿ. ಕನ್‌ಸ್ಟ್ರೇಂಟ್ ಬದಲಾಯಿಸದೆ ಚೆಕ್ ಡೇಟಾಗೆ ಅರ್ಥ ಇಲ್ಲ. ಒಪ್ಪಿದೆ.

ತಾಳವಾಡಿ_ಗುಡ್ಡ
ಇನ್ನೊಂದು ಮಾತು ಯಾರೂ ಹೇಳಿಲ್ಲ. ಸ್ಟಾರ್ಟ್ ಡೇಟಾಬೇಸ್ ಆಕ್ಸೆಸ್ ಫೋರ್ಸ್ ಅಂತ ಕೆಲವರು ಹೇಳಿಕೊಡುತ್ತಾರೆ. ಅದನ್ನಂತೂ ಮುಟ್ಟಬೇಡಿ. ಚೆಕ್ ಪೆಂಡಿಂಗ್ ಜೊತೆಗೆ ಕಾಪಿ ಪೆಂಡಿಂಗ್ (ಬ್ಯಾಕಪ್ ತೆಗೆಯುವ ತನಕ ಬರೆಯಲು ಬಿಡದ ಸ್ಥಿತಿ) ಕೂಡ ತೆಗೆದುಬಿಡುತ್ತೆ. ಲಾಗ್ ನೋ ಲೋಡ್ ಆದ ಮೇಲೆ ಇಮೇಜ್ ಕಾಪಿ (ಬ್ಯಾಕಪ್) ಇಲ್ಲದೆ ಟೇಬಲ್ ಬರೆಯಲು ತೆರೆದಿದೆ ಅಂದರೆ, ನಾಳೆ ಡಿಸ್ಕ್ ಕೈಕೊಟ್ಟಾಗ ರಿಕವರ್ ಮಾಡಲು ಏನೂ ಇರಲ್ಲ.

ಕುಂಬಳೆ_ಕಡಲು
ಮೊದಲು ಯಾವ ಬೇಲಿ ತಡೆಯುತ್ತಾ ಉಂಟು ಅಂತ ಗ್ಯಾರಂಟಿ ಮಾಡಿಕೊಳ್ಳಿ ಮಾರಾಯ್ರೆ. ತಾರೀಕು ತಡೆಯುವ ಜಾಗ ಒಂದೇ ಅಲ್ಲ.

ಲೋಡ್ ಸ್ಟೇಟ್‌ಮೆಂಟಿನಲ್ಲೇ ವೆನ್ ಷರತ್ತು ಇರಬಹುದು. ಅದಕ್ಕಿಂತ ಮೊದಲಿನ ಡಿಎಫ್‌ಸಾರ್ಟ್ (ಫೈಲು ವಿಂಗಡಿಸುವ ಪ್ರೋಗ್ರಾಂ) ಸ್ಟೆಪ್ಪಿನಲ್ಲಿ ಇನ್‌ಕ್ಲೂಡ್ ಷರತ್ತು ಇರಬಹುದು, ಅದು ತೆಗೆದದ್ದು ಡಿಸ್ಕಾರ್ಡ್ ಫೈಲಿಗೆ ಬರುವುದೇ ಇಲ್ಲ. ಟೇಬಲ್ ಮೇಲೆ ಚೆಕ್ ಕನ್‌ಸ್ಟ್ರೇಂಟ್. ಪಾರ್ಟಿಷನ್ (ಟೇಬಲಿನ ತುಂಡು) ಮಿತಿ. ವ್ಯಾಲಿಡ್‌ಪ್ರೊಕ್ (ಸಾಲು ತಪಾಸಣೆಗೆ ನಾವೇ ಬರೆದ ಪ್ರೋಗ್ರಾಂ). ಟ್ರಿಗರ್ (ಸಾಲು ಸೇರುವಾಗ ತಾನಾಗಿ ಓಡುವ ಕೋಡ್) ಇದ್ದರೆ ಅದು ಮಾಮೂಲಿ ಲೋಡಿಗೆ ಏಳುವುದಿಲ್ಲ, ಶೇರ್‌ಲೆವೆಲ್ ಚೇಂಜ್ (ಟೇಬಲ್ ತೆರೆದಿಟ್ಟೇ ಲೋಡ್) ಹಾಕಿದರೆ ಮಾತ್ರ ಏಳ್ತದೆ.

ನೋಡಲಿಕ್ಕೆ: ಕ್ಯಾಟಲಾಗಿನ ಸಿಸ್‌ಐಬಿಎಂ ಡಾಟ್ ಸಿಸ್‌ಚೆಕ್ಸ್‌ನಲ್ಲಿ ಟೇಬಲ್ ಹೆಸರು ಕೊಟ್ಟರೆ ಚೆಕ್‌ಕಂಡಿಷನ್ ಕಾಲಮಿನಲ್ಲಿ ಷರತ್ತು ಪೂರ್ತಿ ಸಿಗ್ತದೆ. ಪಾರ್ಟಿಷನ್ ಮಿತಿ ಸಿಸ್‌ಟೇಬಲ್‌ಪಾರ್ಟ್‌ನ ಲಿಮಿಟ್‌ಕೀಯಲ್ಲಿ. ಕೈಯಿಂದ ಒಂದು ಸಾಲು ಇನ್‌ಸರ್ಟ್ ಮಾಡಿ ನೋಡಿದರೂ ಗೊತ್ತಾಗ್ತದೆ: ಎಸ್‌ಕ್ಯೂಎಲ್‌ಕೋಡ್ ಮೈನಸ್ 545 ಬಂದರೆ ಚೆಕ್, ಮೈನಸ್ 327 ಬಂದರೆ ಪಾರ್ಟಿಷನ್ ಮಿತಿ, ಮೈನಸ್ 180 ಅಥವಾ 181 ಬಂದರೆ ಅದು ತಾರೀಕೇ ಅಲ್ಲ.

ಪೆರ್ಲ_ಅಡಿಕೆತೋಟ
ನೋಡಿದೆ. ಮೈನಸ್ 545. ಪಾರ್ಟಿಷನ್ ಉಂಟು, ಆದರೆ ಸಾಲ ಮಂಜೂರಾದ ತಾರೀಕಿನ ಮೇಲೆ, ದಸ್ತಾವೇಜಿನ ತಾರೀಕಿನ ಮೇಲೆ ಅಲ್ಲ. ವೆನ್ ಇಲ್ಲ, ಟ್ರಿಗರ್ ಇಲ್ಲ.

ತಾಳವಾಡಿ_ಗುಡ್ಡ
ಹಾಗಾದರೆ ಬಚಾವ್. ಆದರೂ ಓದುವ ಬೇರೆಯವರಿಗಾಗಿ: ಪಾರ್ಟಿಷನ್ ಮಿತಿಗೆ ಎನ್‌ಫೋರ್ಸ್ ನೋ ಲೆಕ್ಕವೇ ಇಲ್ಲ. ಮೇಲಿನ ಮಿತಿ ದಾಟಿದ ಸಾಲು ಹೇಗೂ ಹೊರಗೆ. ಅದಕ್ಕೆ ಪಾರ್ಟಿಷನ್ ಸೇರಿಸಬೇಕು, ಇಲ್ಲವೇ ಕೊನೆಯ ಪಾರ್ಟಿಷನ್‌ನ ಮಿತಿ ಏರಿಸಬೇಕು. ಡಿಬಿ2 12ರಿಂದ ಮಧ್ಯದಲ್ಲೂ ಸೇರಿಸಬಹುದು.

ಕೆಳಗಿನ ಕಡೆ ಮಾತ್ರ ಬೇರೆ ಕಥೆ. ಮೊದಲ ಪಾರ್ಟಿಷನ್‌ಗೆ ಕೆಳಮಿತಿ ಅಂತ ಇರಲ್ಲ. 1938 ಆಗಲಿ, 1132 ಆಗಲಿ, 0001-01-01 ಆಗಲಿ ಸದ್ದಿಲ್ಲದೆ ಪಾರ್ಟಿಷನ್ 1ಕ್ಕೆ ಇಳಿದುಬಿಡುತ್ತೆ. ಪಾರ್ಟಿಷನ್ ಇದೆಯಲ್ಲ, ತಾರೀಕಿಗೆ ಕಾವಲು ಇದೆ ಅಂದುಕೊಂಡವರು ಇಲ್ಲೇ ಮೋಸ ಹೋಗೋದು. ಇನ್ನು ಲೋಡಿನಲ್ಲಿ ಪಾರ್ಟ್ 3 ಅಂತ ನಿರ್ದಿಷ್ಟವಾಗಿ ಕೊಟ್ಟಿದ್ದರೆ, ಆ ವ್ಯಾಪ್ತಿಗೆ ಸೇರದ ಸಾಲು ಲೋಡೇ ಆಗಲ್ಲ. ಎಣಿಕೆ ತಾಳೆ ನೋಡದಿದ್ದರೆ ತಿಳಿಯೋದೂ ಇಲ್ಲ.

ಆದೋನಿ_ಹತ್ತಿ
ರಾಜ್ಯ ಆದ ದಿನವನ್ನೇ ಕೆಳಮಿತಿ ಮಾಡಿದ್ದು ಮೂಲದಲ್ಲೇ ತಪ್ಪು ಅಣ್ಣಾ. ಜಾಗ ರಾಜ್ಯಕ್ಕಿಂತ ಹಳೇದು. ನಮ್ಮ ಆದೋನಿ, ಆಲೂರು, ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಗಿದ್ದು 1953 ಅಕ್ಟೋಬರ್ 1ಕ್ಕೆ. ಅದೇ ಟೇಬಲ್‌ಗೆ ನಮ್ಮ ಕಡೆ ಕಾಗದ ಬಂದರೆ ಇನ್ನೊಂದು ಮಿತಿ ಬೇಕಾಗುತ್ತೆ.

ಅಕ್ಕಲಕೋಟಿ_ಬ್ಯಾಚ್
ನಮ್ಮ ಕಡಿ ಮಹಾರಾಷ್ಟ್ರ ಆದದ್ದು 1960 ಮೇ 1. ಅದಕ್ಕಿಂತ ಮೊದಲ ಮುಂಬಯಿ ರಾಜ್ಯ, ಅದಕ್ಕೂ ಮೊದಲ ಅಕ್ಕಲಕೋಟಿ ಸಂಸ್ಥಾನ.

ಹೊಸೂರು_ರಾಗಿ
ನಮಗೆ ಮಿತಿಯೇ ಬೇಡ, ಮದ್ರಾಸಲ್ಲೇ ಇದ್ವಿ. 1969ರಲ್ಲಿ ಹೆಸರು ಮಾತ್ರ ತಮಿಳುನಾಡು ಆಯ್ತು.

ಮಂಜೇಶ್ವರ_ದಸ್ತಾವೇಜು
ಇಲ್ಲಿ ಹಳೆ ಕಾಗದ ಓದಿದ ಅಭ್ಯಾಸ ಉಂಟು, ಅದಕ್ಕೆ ಹೇಳ್ತೇನೆ. ಡಿಸ್ಕಾರ್ಡ್ ಆದ 2,117 ಎಲ್ಲವೂ 1956ರ ಹಿಂದಿನದ್ದು ಅಂತ ಯಾರು ನೋಡಿದ್ದಾರೆ? ಟೈಪ್ ಮಾಡಿದವರು ಕಾಗದದಲ್ಲಿ ಕಂಡ ಇಸವಿಯನ್ನು ಹಾಗೇ ಹೊಡೆದಿರ್ತಾರೆ.

ಒಂದು, ಕೊಲ್ಲವರ್ಷ (ಮಲಯಾಳದ ಶಕೆ). ಮಲಯಾಳದ ಕಾಗದದಲ್ಲಿ 1132 ತುಲಾಂ ಅಂತ ಇದ್ದರೆ ಅದು 1956ರ ಅಕ್ಟೋಬರ್–ನವೆಂಬರ್. ವರ್ಷದ ಮೊದಲ ತಿಂಗಳು ಚಿಂಗಂನಿಂದ ಡಿಸೆಂಬರ್ ಕೊನೆಯವರೆಗೆ 824 ಕೂಡಿಸಬೇಕು, ಜನವರಿಯಿಂದ ಕೊನೆಯ ತಿಂಗಳು ಕರ್ಕಾಟಕದ ಕೊನೆವರೆಗೆ 825. ದಿನವನ್ನು ಮಾತ್ರ ಕೂಡಿಸಿ ಕಳೆದು ತರಲಿಕ್ಕೆ ಆಗುವುದಿಲ್ಲ, ಸಂಕ್ರಮಣ ನೋಡಬೇಕು.

ಎರಡು, ಫಸಲಿ (ಕಂದಾಯದ ವರ್ಷ). ತೀರ್ವೆ ಲೆಕ್ಕದಲ್ಲಿ 1366 ಅಂತ ಇದ್ದರೆ 1956 ಜುಲೈ 1ರಿಂದ 1957 ಜೂನ್ 30. ಜುಲೈನಿಂದ ಡಿಸೆಂಬರ್ ತನಕ 590 ಕೂಡಿಸಿ, ಮುಂದಿನ ಆರು ತಿಂಗಳಿಗೆ 591.

ಮೂರನೆಯದು ಸಂವತ್ಸರ, ಇದು ಕಷ್ಟದ್ದು. ನಮ್ಮ ಕನ್ನಡ ಕಾಗದಗಳಲ್ಲಿ ದುರ್ಮುಖಿ ಸಂವತ್ಸರದ ಭಾದ್ರಪದ ಶುದ್ಧ ಅಂತ ಇರ್ತದೆ. ದುರ್ಮುಖಿ 1896–97ಕ್ಕೂ ಬಂದಿದೆ, 1956–57ಕ್ಕೂ, 2016–17ಕ್ಕೂ. ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು. ಇಂಟರ್‌ನೆಟ್‌ನಲ್ಲಿ ಹುಡುಕಿ 2016 ಅಂತ ಹಾಕಿದವರಿದ್ದರೆ ಅದು ನಿಮ್ಮ ಚೆಕ್ ದಾಟಿ ಒಳಗೆ ಹೋಗಿ ಕೂತಿದೆ.

ಕುಂಬಳೆ_ಕಡಲು
ಇದು ಮುಖ್ಯ ವಿಷಯ. ಡಿಬಿ2ಗೆ 0001-01-01ರಿಂದ 9999-12-31ರ ತನಕ ಎಲ್ಲವೂ ತಾರೀಕೇ. 1132-03-16 ಅದರ ಕಣ್ಣಿಗೆ ಹನ್ನೆರಡನೇ ಶತಮಾನದ ಒಂದು ಒಳ್ಳೆ ದಿನ. ಇಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದು ಈ ಕನ್‌ಸ್ಟ್ರೇಂಟ್ ಒಂದೇ. ಅದನ್ನು ಮುಚ್ಚಿ ಲೋಡ್ ಮಾಡಿದರೆ 1938ರ ಒಳ್ಳೆ ಕಾಗದದ ಜೊತೆಗೆ ಇದೂ ಒಳಗೆ ಬರ್ತದೆ. ಕಾವಲಿನ ಸಂಖ್ಯೆ ತಪ್ಪು, ಕಾವಲು ತಪ್ಪಲ್ಲ.

ಪೆರ್ಲ_ಅಡಿಕೆತೋಟ
ಅಯ್ಯೋ, ಇದು ಹೊಳೆದೇ ಇರಲಿಲ್ಲ. ಸಿಸ್‌ಡಿಸ್ಕ್ (ಡಿಸ್ಕಾರ್ಡ್) ಫೈಲು ಉಂಟು. ಇಸವಿವಾರು ಎಣಿಸುವುದು ಹೇಗೆ ಬೇಗ?

ಕುಂಬಳೆ_ಕಡಲು
ಡಿಎಫ್‌ಸಾರ್ಟ್ ಜೊತೆ ಬರುವ ಐಸ್‌ಟೂಲ್‌ನ ಆಕರ್ ಸಾಕು. ತಾರೀಕು 41ನೇ ಸ್ಥಾನದಿಂದ ಇದ್ದರೆ:

ಆಕರ್ ಫ್ರಮ್(ಇನ್) ಲಿಸ್ಟ್(ವರದಿ) ಆನ್(41,4,ಸಿಎಚ್) ಆನ್(ವಾಲ್‌ಸಿಎನ್‌ಟಿ)

ಪ್ರತಿ ಇಸವಿ, ಅದರ ಎದುರು ಎಷ್ಟು ಸಾರಿ ಅಂತ ಬರ್ತದೆ. ರೆಕಾರ್ಡ್ ಫಾರ್ಮ್ಯಾಟ್ ವಿಬಿ (ಉದ್ದ ಬದಲಾಗುವಂಥದ್ದು) ಆದರೆ ಮೊದಲ ನಾಲ್ಕು ಬೈಟ್ ಉದ್ದದ ಲೆಕ್ಕಕ್ಕೆ ಹೋಗ್ತದೆ, ಆಗ 41 ಅಲ್ಲ, 45.

ಡಿಸ್ಕಾರ್ಡ್ ಫೈಲಿಗೆ ಮಾತ್ರ ಅಲ್ಲ, ಪೂರ್ತಿ ಇನ್‌ಪುಟ್ ಫೈಲಿಗೂ ಓಡಿಸಿ. ಒಳಗೆ ಹೋದದ್ದರಲ್ಲಿಯೂ ಗುಡ್ಡೆ ಎಲ್ಲಿ ಉಂಟು ಅಂತ ಕಾಣ್ತದೆ.

ಅಕ್ಕಲಕೋಟಿ_ಬ್ಯಾಚ್
ಸಿಸ್‌ಡಿಸ್ಕ್ ಸಿಕ್ಕದ್ದ ಪುಣ್ಯ. ಜೆಸಿಎಲ್‌ದಾಗ (ಜಾಬ್ ಓಡಿಸೂ ಸ್ಕ್ರಿಪ್ಟ್) ಆ ಡಿಡಿ (ಫೈಲ್ ಹೆಸರಿಸೂ ಸಾಲು) ಇಲ್ಲಂದ್ರ, ಲೋಡಿನ್ಯಾಗ ಡಿಸ್ಕಾರ್ಡ್‌ಡಿಎನ್ನೂ ಇಲ್ಲಂದ್ರ, ಬಿದ್ದ ರೆಕಾರ್ಡ್ ಎಲ್ಲೂ ಉಳಿಯಂಗಿಲ್ಲ.

ಡಿಸ್ಕಾರ್ಡ್ಸ್ ಮಿತಿ ಎಷ್ಟ ಕೊಟ್ಟೀರಿ? ಏನೂ ಕೊಡದಿದ್ರ 0. 0 ಅಂದ್ರ ಒಂದೂ ಬೀಳಬಾರದು ಅಂತಲ್ಲ, ಎಷ್ಟರ ಬೀಳಲಿ ಅಂತ. ಭಾಳ ಮಂದಿ ಇದನ್ನ ಉಲ್ಟಾ ತಿಳಕೋತಾರ. ಮಿತಿ ಹಾಕಬೇಕು ಖರೆ, ಆದ್ರ ಇನ್ನೊಂದು ಗುಂಟ್ಲಾ ಅದ: ಮಿತಿ ಮುಟ್ಟಿದ್ರ ಲೋಡ್ ನಡುವ ಬೀಳ್ತದ, ಡಿಸ್ಕಾರ್ಡ್ ಫೈಲ್ ಖಾಲಿ ಇರ್ತದ. ಯಾಕಂದ್ರ ಬಿದ್ದ ರೆಕಾರ್ಡ್ ಬರಿಯೂದು ಕೊನೇ ಕಡೆ, ಡಿಸ್ಕಾರ್ಡ್ ಹಂತದಾಗ. ಅಲ್ಲೀತನಕ ಅದು ಹೋಗೂದೇ ಇಲ್ಲ.

ಹೊಸೂರು_ರಾಗಿ
ಆ ಫೈಲನ್ನ ಜಿಡಿಜಿ (ಪ್ರತಿ ರನ್ನಿಗೂ ಹೊಸ ಪ್ರತಿ) ಮಾಡಿಕೊಳ್ಳಿ ಸಾರ್. ಒಂದೇ ಹೆಸರಲ್ಲಿ ಇಟ್ಟರೆ ಮುಂದಿನ ರನ್ನು ಹಳೇದನ್ನ ತಿಂದುಹಾಕುತ್ತೆ.

ಪೆರ್ಲ_ಅಡಿಕೆತೋಟ
ಎಣಿಸಿದೆ. 1911ರಿಂದ 1956ರ ನಡುವಿನದ್ದು 1,862. 11ರಿಂದ ಶುರುವಾಗುವ ಇಸವಿ 198. 13ರಿಂದ ಶುರುವಾಗುವುದು 31. 0001-01-01 ಅಂತ 21. ಇನ್ನು 5 ರೆಕಾರ್ಡಿನಲ್ಲಿ ದಿನ 32 ಅಂತ ಉಂಟು! ಒಟ್ಟು 2,117 ತಾಳೆ ಆಯಿತು.

ಮಂಜೇಶ್ವರ_ದಸ್ತಾವೇಜು
32 ತಪ್ಪಲ್ಲ. ಮಲಯಾಳ ಸೌರಮಾಸದಲ್ಲಿ 32 ದಿನದ ತಿಂಗಳು ಉಂಟು. ಆ ಐದೂ ಕೊಲ್ಲವರ್ಷದ್ದೇ ಇರಬೇಕು.

ಇವುಗಳನ್ನು ಲೆಕ್ಕ ಹಾಕಿ ತಿದ್ದಲಿಕ್ಕೆ ಹೋಗಬೇಡಿ. ದಸ್ತಾವೇಜಿನ ಹಿಂದೆ ಸಬ್ ರಿಜಿಸ್ಟ್ರಾರರ ಹಿಂಬರಹ ಇರ್ತದೆ, ಸೀಲಿನ ಜೊತೆ. ಅಲ್ಲಿ ಇಂಗ್ಲಿಷ್ ತಾರೀಕು ಸಿಗ್ತದೆ. ಆದರೆ ನೆನಪಿಡಿ, ಅದು ನೋಂದಣಿಯ ದಿನ, ಬರೆದುಕೊಟ್ಟ ದಿನ ಅಲ್ಲ. ಬರೆದ ದಿನದಿಂದ ನಾಲ್ಕು ತಿಂಗಳ ಒಳಗೆ ಹಾಜರು ಮಾಡಬಹುದು ಅಂತ ಕಾನೂನು. 1956 ಆಗಸ್ಟ್‌ನಲ್ಲಿ ಬರೆದದ್ದು ನವೆಂಬರ್‌ನಲ್ಲಿ ನೋಂದಣಿ ಆಗಿರಬಹುದು: ಬರೆಯುವಾಗ ಮದ್ರಾಸು, ನೋಂದಾಯಿಸುವಾಗ ಕೇರಳ. ನಿಮ್ಮ ಕಾಲಮಿಗೆ ಯಾವ ದಿನ ಬೇಕು ಅಂತ ಕೇಳಿಕೊಳ್ಳಿ.

ಪೆರ್ಲ_ಅಡಿಕೆತೋಟ
ಬರೆದುಕೊಟ್ಟ ದಿನವೇ ಬೇಕಂತೆ, ಈಗ ಕೇಳಿದೆ. ಹಾಗಾಗಿ 234 ಕಾಗದ ವಾಪಸ್ ಕಳಿಸಿ ಮತ್ತೆ ಓದಿಸುವುದೇ ದಾರಿ.

ತಾಳವಾಡಿ_ಗುಡ್ಡ
ಇನ್‌ಪುಟ್ ತಾರೀಕಿನ ರೂಪ ಯಾವುದು? ಅಡ್ಡಗೆರೆಯೋ ಓರೆಗೆರೆಯೋ?

ಪೆರ್ಲ_ಅಡಿಕೆತೋಟ
ಈಗ ಬಂದದ್ದು ಇಸವಿ-ತಿಂಗಳು-ದಿನ, ಅಡ್ಡಗೆರೆ. ಟೈಪ್ ಮಾಡಿದವರ ಶೀಟಿನಲ್ಲಿ ದಿನ/ತಿಂಗಳು/ಇಸವಿ ಇತ್ತು, ಅವರೇ ಬದಲಾಯಿಸಿ ಕಳಿಸಿದ್ದಾರೆ.

ತಾಳವಾಡಿ_ಗುಡ್ಡ
ಹಾಗಾದರೆ ಒಂದು ಪರೀಕ್ಷೆ ಮಾಡಲೇಬೇಕು. ಡಿಬಿ2ಗೆ ಓರೆಗೆರೆ ಕಂಡರೆ ಅದು ಅಮೆರಿಕದ ರೂಪ, ತಿಂಗಳು ಮೊದಲು. 03/04/1947 ಅಂತ ಕೊಟ್ಟರೆ ಮಾರ್ಚ್ 4 ಆಗುತ್ತೆ, ಏಪ್ರಿಲ್ 3 ಅಲ್ಲ. 25/04/1947 ಕೊಟ್ಟರೆ ಹೊರಗೆ. ದಿನ ಮೊದಲು ಬರೆಯಬೇಕಾದರೆ ಚುಕ್ಕಿ: 25.04.1947. ಎಷ್ಟೋ ಸ್ಪ್ರೆಡ್‌ಶೀಟ್‌ಗಳೂ ಸೆಟ್ಟಿಂಗ್ ನೋಡಿಕೊಂಡು ಹೀಗೇ ತಿರುಗಿಸುತ್ತವೆ, ಸುಮ್ಮನೆ. ಇದನ್ನು ಯಾವ ರೇಂಜ್ ಚೆಕ್ಕೂ ಹಿಡಿಯಲ್ಲ, ಏಕೆಂದರೆ ಇಸವಿ ಸರಿಯೇ ಇರುತ್ತೆ.

ಪರೀಕ್ಷೆ ಸುಲಭ. ದಿನದ ಎರಡು ಅಂಕಿಯ ಮೇಲೆ ಅದೇ ಆಕರ್ ಓಡಿಸಿ. 12ರ ಒಳಗಿನ ದಿನಗಳು ಐದರಲ್ಲಿ ಎರಡು ಪಾಲಿನ ಹತ್ತಿರ ಇರಬೇಕು. ಅದಕ್ಕಿಂತ ತೀರಾ ಹೆಚ್ಚು ಕಂಡರೆ, ಉಳಿದವು ಎಲ್ಲೋ ಉದುರಿವೆ. ಪಾಲು ಸರಿ ಬಂತು ಅಂದರೂ ಇವು ತಿರುಗಿಲ್ಲ ಅಂತ ಸಾಬೀತಾಗಲ್ಲ, ಒಂದು ಐವತ್ತು ಕಾಗದ ತೆಗೆದು ಕಣ್ಣಲ್ಲಿ ತಾಳೆ ನೋಡಿ. ಮುಂದಿನ ಸಲ ಶೀಟಿನಲ್ಲಿ ತಿರುಗಿಸಬೇಡಿ ಅನ್ನಿ, ಪಠ್ಯವಾಗಿ ಹಾಗೇ ಕಳಿಸಲಿ. ತಾರೀಕು 21ನೇ ಸ್ಥಾನದಿಂದ ಇದ್ದು ರೆಕಾರ್ಡ್ 80 ಬೈಟ್ ಆದರೆ ಸಾರ್ಟ್‌ನಲ್ಲಿ:

ಇನ್‌ರೆಕ್ ಬಿಲ್ಡ್=(1,20,27,4,ಸಿ'-',24,2,ಸಿ'-',21,2,31,50)

ಇಸವಿ ಮುಂದೆ, ದಿನ ಹಿಂದೆ, ಉದ್ದ ಅಷ್ಟೇ.

ಆದೋನಿ_ಹತ್ತಿ
ಎರಡಂಕಿ ಇಸವಿ ಬರೋ ಫೈಲಿದ್ದರೆ ಡಿಎಫ್‌ಸಾರ್ಟಿನ ವೈ2ಪಾಸ್ಟ್ ಸೆಟ್ಟಿಂಗ್ (ಎರಡಂಕಿ ಯಾವ ಶತಮಾನದ್ದು ಅನ್ನೋದು) ನೋಡ್ರಿ. ವೈ2ಪಾಸ್ಟ್=1930 ಅಂದರೆ ಕಿಟಕಿ 1930ರಿಂದ 2029, ಗಟ್ಟಿ. ವೈ2ಪಾಸ್ಟ್=80 ಅಂದರೆ ಈ ವರ್ಷದಿಂದ 80 ಹಿಂದಕ್ಕೆ, ಪ್ರತಿ ಜನವರಿಗೆ ಕಿಟಕಿ ಜರುಗುತ್ತೆ. ಅದೇ ಫೈಲು, ಅದೇ ಜಾಬು, 2018ರ ತನಕ 1938 ಆಗಿದ್ದ 38 ಅನ್ನೋದು 2019ರಿಂದ 2038 ಆಗುತ್ತೆ. ಹಳೆ ಕಾಗದಕ್ಕೆ ಜರುಗೋ ಕಿಟಕಿ ಬೇಡವೇ ಬೇಡ. 1911ರ ಕಾಗದಕ್ಕೆ ಗಟ್ಟಿ ಕಿಟಕೀನೂ ಸಾಲಲ್ಲ, ನಾಲ್ಕಂಕಿಯೇ ಬೇಕು.

ಪೆರ್ಲ_ಅಡಿಕೆತೋಟ
ಗುಡುಗು ಶುರುವಾಯಿತು ಇಲ್ಲಿ, ಕರೆಂಟ್ ಹೋದರೆ ಮಾತು ನಿಲ್ತದೆ. ಶನಿವಾರ ಲೋಡ್ ನಡುವೆ ನನ್ನ ವಿಪಿಎನ್ ಕಡಿದರೆ ತೊಂದರೆಯಾ?

ಹೊಸೂರು_ರಾಗಿ
ಜಾಬ್ ಸಬ್‌ಮಿಟ್ ಆದ ಮೇಲೆ ಅದು ಅಲ್ಲೇ ಓಡುತ್ತೆ ಸಾರ್, ನಿಮ್ಮ ಮನೆ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ವಾಪಸ್ ಬಂದು ಡಿಸ್‌ಪ್ಲೇ ಯುಟಿಲಿಟಿ ಕೊಡಿ, ಎಲ್ಲಿದೆ ಅಂತ ತೋರಿಸುತ್ತೆ. ಗಾಬರಿಯಲ್ಲಿ ಟರ್ಮ್ ಯುಟಿಲಿಟಿ (ಲೋಡನ್ನ ನಿಲ್ಲಿಸಿಬಿಡೋ ಆದೇಶ) ಮಾತ್ರ ಕೊಡಬೇಡಿ, ರಿಲೋಡ್ ಹಂತದಲ್ಲಿ ಕೊಟ್ಟರೆ ಟೇಬಲ್‌ಸ್ಪೇಸ್ ರಿಕವರಿ ಪೆಂಡಿಂಗ್‌ಗೆ ಬೀಳಬಹುದು.

ಕುಂಬಳೆ_ಕಡಲು
ಸರಿ, ಈಗ ಕನ್‌ಸ್ಟ್ರೇಂಟ್ ಹೇಗಿರಬೇಕು ಅಂತ ಮಾತಾಡುವ. ಹಳೆ ಕಾಗದ ಅಂತ ಒಂದಕ್ಷರದ ಗುರುತಿನ ಕಾಲಮ್ ಸೇರಿಸಿ, ಗುರುತು ಇದ್ದವಕ್ಕೆ ಮಾತ್ರ 1956ರ ಹಿಂದಿನ ತಾರೀಕು ಬಿಡುವುದು ನನಗೆ ಸರಿ ಕಾಣ್ತದೆ. ಅಥವಾ ಅಂತ ಎರಡು ಷರತ್ತು ಒಂದೇ ಚೆಕ್‌ನಲ್ಲಿ ಬರೆಯಬಹುದು. ಬೇಕಂತಲೇ ಬಿಟ್ಟದ್ದು ಯಾವುದು ಅಂತ ಸಾಲಿನಲ್ಲೇ ಬರೆದಿರ್ತದೆ.

ಹೊಸೂರು_ರಾಗಿ
ನಾನು ಒಪ್ಪಲ್ಲ. ನಡೆಯೋ ಟೇಬಲ್‌ಗೆ ಕಾಲಮ್ ಸೇರಿಸಿದರೆ, ಕಾಲಮ್ ಪಟ್ಟಿ ಕೊಡದೆ ಇನ್‌ಸರ್ಟ್ ಬರೆದಿರೋ ಕೋಬಾಲ್ ಪ್ರೋಗ್ರಾಂ ಎಲ್ಲ ಮುಂದಿನ ಬೈಂಡ್‌ನಲ್ಲಿ (ಪ್ರೋಗ್ರಾಂ ಅನ್ನ ಡಿಬಿ2ಗೆ ಸಿದ್ಧ ಮಾಡುವಾಗ) ಬೀಳುತ್ತೆ. ಎಲ್ಲಾ ಡಿಕ್ಲ್‌ಜೆನ್ (ಟೇಬಲ್‌ನ ಕೋಬಾಲ್ ವಿವರಣೆ) ಮತ್ತೆ ತೆಗೀಬೇಕು. 1,862 ಸಾಲಿಗೆ ಅಷ್ಟು ಯಾಕೆ? ಕೆಳಮಿತಿ ಇಳಿಸಿ, ಸಾಕು. ಹಳೇದು ಯಾವುದು ಅಂತ ತಾರೀಕೇ ಹೇಳುತ್ತಲ್ಲ.

ಅಕ್ಕಲಕೋಟಿ_ಬ್ಯಾಚ್
ಈ ಸಲ ಹೊಸೂರಿನವರು ಹೇಳಿದ್ದು ಸರಿ ಅದ. ಆದ್ರ ಎಲ್ಲೀತನಕ ಇಳಸ್ತೀರಿ? 1900-01-01ಕ್ಕ ಇಳಸಬ್ಯಾಡ್ರಿ. ಖಾಲಿ ತಾರೀಕಿನ ಬದಲಿ ಅದನ್ನ ತುಂಬೂ ಪ್ರೋಗ್ರಾಂ ಭಾಳ ಅವ, ಆ ಕಸ ಎಲ್ಲಾ ಒಳಗ ಬರ್ತದ. ನಿಮ್ಮ ಅತೀ ಹಳೇ ಕಾಗದ 1911 ಅಂದ್ರ 1905-01-01 ಇಡ್ರಿ. ಅದಕ್ಕಿಂತ ಹಳೇದು ಬಂದ್ರ ಬೀಳಲಿ, ನೋಡಿ ಬಿಡೂಣು.

ಮತ್ತ ನಲ್ (ಖಾಲಿ ಬೆಲೆ) ಬಗ್ಗೆ ಎಚ್ಚರ. ಕಾಲಮ್ ನಲ್ ತಗೋತದ ಅಂದ್ರ ಚೆಕ್ ಅದನ್ನ ತಡೆಯಂಗಿಲ್ಲ, ಉತ್ತರ ಗೊತ್ತಿಲ್ಲ ಅಂದ್ರ ಪಾಸ್ ಅಂತನ ಅದರ ಲೆಕ್ಕ.

ತಾಳವಾಡಿ_ಗುಡ್ಡ
ಮೇಲ್ಮಿತಿಗೆ ಕರೆಂಟ್ ಡೇಟ್ ಹಾಕೋಣ ಅಂತ ಯಾರಿಗಾದರೂ ಅನ್ನಿಸಿದರೆ, ಚೆಕ್ ಕನ್‌ಸ್ಟ್ರೇಂಟಿನಲ್ಲಿ ಅಂಥ ವಿಶೇಷ ರಿಜಿಸ್ಟರ್ (ಓಡುವಾಗ ಡಿಬಿ2 ಕೊಡುವ ಬೆಲೆ) ಬಿಡಲ್ಲ. ಆದರೆ ಅದೇ ಟೇಬಲ್‌ನ ಇನ್ನೊಂದು ಕಾಲಮ್ ಜೊತೆ ಹೋಲಿಸಬಹುದು. ದಸ್ತಾವೇಜಿನ ತಾರೀಕು ಸಾಲ ಮಂಜೂರಾದ ತಾರೀಕಿಗೆ ಸಮ ಅಥವಾ ಕಡಿಮೆ ಇರಬೇಕು. ಮೂಲಪತ್ರ ನೋಡದೆ ಸಾಲ ಕೊಡಲ್ಲವಲ್ಲ. ಇಷ್ಟು ಹಾಕಿದರೆ ಆ 2016ರ ದುರ್ಮುಖಿ ಬಹುಪಾಲು ಸಿಕ್ಕಿಬೀಳುತ್ತೆ, ಸಾಲ 2016ಕ್ಕಿಂತ ಹಿಂದಿನದಾದರೆ.

ಪೆರ್ಲ_ಅಡಿಕೆತೋಟ
ಈಗಲೇ ಸೆಲೆಕ್ಟ್ ಮಾಡಿ ನೋಡಿದೆ. ದಸ್ತಾವೇಜಿನ ತಾರೀಕು ಸಾಲಕ್ಕಿಂತ ಮುಂದೆ ಇರುವ ಸಾಲು 7 ಸಿಕ್ಕಿತು. ಏಳೂ 2016ರ ಆಗಸ್ಟ್–ಸೆಪ್ಟೆಂಬರ್, ಸಾಲ 2009ರದ್ದು, 2012ರದ್ದು. ಕಾಗದದ ಚಿತ್ರ ತೆರೆದರೆ ದುರ್ಮುಖಿ ಅಂತಲೇ ಉಂಟು. ಮಂಜೇಶ್ವರದವರೇ, ದೊಡ್ಡ ಉಪಕಾರ ಆಯಿತು.

ಮಂಜೇಶ್ವರ_ದಸ್ತಾವೇಜು
ಸಂತೋಷ. ಅದು 1956ರದ್ದು ಅಂತ ಹಿಂಬರಹ ನೋಡಿಯೇ ಬರೆಯಿರಿ, 1896ರದ್ದೂ ಇರಬಹುದು. ಅಕ್ಷರ ಓದಲಿಕ್ಕೆ ಕಷ್ಟ ಆದರೆ ಸ್ಟಾಂಪು ಪೇಪರಿನ ಮೇಲಿನ ಮುದ್ರೆ ನೋಡಿ: ರಾಣಿಯ ತಲೆಯೋ, ರಾಜನ ತಲೆಯೋ, ಅಶೋಕ ಸ್ತಂಭವೋ. ಅದರಲ್ಲೇ ಅರ್ಧ ತೀರ್ಮಾನ ಆಗ್ತದೆ.

ಅಕ್ಕಲಕೋಟಿ_ಬ್ಯಾಚ್
ಭಾರಿ ಛಲೋ ಹೇಳಿದ್ರಿ.

ಕುಂಬಳೆ_ಕಡಲು
ದಸ್ತಾವೇಜು–ಸಾಲದ ಚೆಕ್ಕನ್ನು ಆ ಏಳು ತಿದ್ದಿದ ಮೇಲೆಯೇ ಸೇರಿಸಿ. ಯಾವ ಆಲ್ಟರ್‌ಗೂ ಮೊದಲು ಸೆಟ್ ಕರೆಂಟ್ ರೂಲ್ಸ್ = 'ಎಸ್‌ಟಿಡಿ' ಕೊಡಿ. ಡೀಫಾಲ್ಟ್ ಆಗಿ 'ಡಿಬಿ2' ಇದ್ದರೆ ಹೊಸ ಚೆಕ್ ಸೇರಿಸಿದ ತಕ್ಷಣ ಹಳೆ ಸಾಲುಗಳನ್ನು ನೋಡದೆ ಟೇಬಲ್‌ಸ್ಪೇಸನ್ನು ಚೆಕ್ ಪೆಂಡಿಂಗ್‌ಗೆ ಹಾಕ್ತದೆ, ಆನ್‌ಲೈನ್ ಪ್ರೋಗ್ರಾಮುಗಳಿಗೆ ಮೈನಸ್ 904 (ಟೇಬಲ್ ಸಿಗುವುದಿಲ್ಲ). 'ಎಸ್‌ಟಿಡಿ' ಆದರೆ ಅಲ್ಲೇ ತಪಾಸಣೆ. ತಪ್ಪು ಸಾಲು ಇದ್ದರೆ ಮೈನಸ್ 544 ಬಂದು ಆಲ್ಟರ್ ಬಿದ್ದು ಹೋಗ್ತದೆ, ಟೇಬಲ್ ಹಾಗೇ ಇರ್ತದೆ.

ಕ್ರಮ: ಹೊಸ ಮಿತಿಯ ಚೆಕ್ಕನ್ನು ಬೇರೆ ಹೆಸರಿನಲ್ಲಿ ಮೊದಲು ಸೇರಿಸಿ, ಹಳೆಯದನ್ನು ಆಮೇಲೆ ಡ್ರಾಪ್ ಮಾಡಿ, ಮತ್ತೆ ಆ ಏಳು ತಿದ್ದಿ (ಹಳೆ ಚೆಕ್ ಇರುವಾಗ 1956ರ ಆಗಸ್ಟ್ ಹಾಕಲಿಕ್ಕೆ ಬಿಡುವುದಿಲ್ಲ), ಕೊನೆಗೆ ದಸ್ತಾವೇಜು–ಸಾಲದ ಚೆಕ್. ಮೊದಲೇ ಡ್ರಾಪ್ ಮಾಡಿದರೆ ನಡುವೆ ಬೇಲಿ ಇಲ್ಲದ ಗಳಿಗೆ ಒಂದು ಉಳೀತದೆ. ಹಳೆ ಮಿತಿಯೊಳಗಿನ ಸಾಲು ಹೊಸ ಅಗಲದ ಮಿತಿಯಲ್ಲಿ ಹೇಗೂ ಕೂರ್ತದೆ.

ಅಕ್ಕಲಕೋಟಿ_ಬ್ಯಾಚ್
ಇಷ್ಟಾದ ಮ್ಯಾಲ ಶನಿವಾರದ ರಾತ್ರಿನೇ ಬೇಕಾಗಂಗಿಲ್ರಿ. 1,862 ಸಾಲು ಅಷ್ಟ. ಸಿಸ್‌ಡಿಸ್ಕ್ ಫೈಲಿನ ರೂಪ ಇನ್‌ಪುಟ್ ಇದ್ದಂಗ ಇರ್ತದ. ಅದರಾಗಿಂದ 1905ರಿಂದ 1956ರ ತನಕದ್ದ ಸಾರ್ಟ್‌ದಾಗ ಆರಿಸಿ, ಅದೇ ಲೋಡ್ ಸ್ಟೇಟ್‌ಮೆಂಟಿಗೆ ಕೊಡ್ರಿ: ರೆಸ್ಯೂಮ್ ಯೆಸ್ (ಇದ್ದದ್ದಕ್ಕ ಸೇರಿಸೂದು), ಶೇರ್‌ಲೆವೆಲ್ ಚೇಂಜ್, ಲಾಗ್ ಯೆಸ್. ಇನ್‌ಸರ್ಟ್ ಇದ್ದಂಗ ಹೋಗ್ತದ, ಟೇಬಲ್ ತೆರೆದೇ ಇರ್ತದ, ಕಾಪಿ ಪೆಂಡಿಂಗ್ ಇಲ್ಲ. ಶೇರ್‌ಲೆವೆಲ್ ಚೇಂಜ್ ಜೋಡಿ ಎನ್‌ಫೋರ್ಸ್ ನೋ ಕೊಡಾಕೂ ಬರಂಗಿಲ್ಲ, ಅದೂ ಛಲೋನೇ ಆತು. ಡಿಸ್ಕಾರ್ಡ್ಸ್ 0 ಬಿಟ್ಟು ಒಂದು 50 ಹಾಕ್ರಿ.

ಅದಕ್ಕೂ ಮೊದಲ ಒಂದು ಇಮೇಜ್ ಕಾಪಿ, ಶೇರ್‌ಲೆವೆಲ್ ರೆಫರೆನ್ಸ್. ಏನರ ಎಡವಟ್ಟ ಆದ್ರ ರಿಕವರ್ ಟುಕಾಪಿ, ಆಮ್ಯಾಲ ರೀಬಿಲ್ಡ್ ಇಂಡೆಕ್ಸ್. ಆ ಕಾಪಿ ನಂತರ ಬ್ಯಾರೆಯವರು ಹಾಕಿದ್ದೂ ಹಿಂದಕ್ಕ ಹೋಗ್ತದ, ಅದು ತಲ್ಯಾಗ ಇರ್ಲಿ.

ಹೊಸೂರು_ರಾಗಿ
ಹೊಸ ಕನ್‌ಸ್ಟ್ರೇಂಟ್ ಹೆಸರಲ್ಲಿ ತಾರೀಕು ಹಾಕಬೇಡಿ, ಇನ್ನೊಂದು ಸಲ ಮಿತಿ ಬದಲಾದರೆ ಹೆಸರೇ ಸುಳ್ಳು ಹೇಳುತ್ತೆ. ಯಾಕೆ 1905 ಅನ್ನೋದನ್ನ ಡಿಡಿಎಲ್ (ಟೇಬಲ್ ರಚನೆಯ) ಫೈಲಲ್ಲಿ ಎರಡು ಸಾಲು ಬರೆದಿಡಿ. ಸ್ಪೂಫಿಯಲ್ಲಿ (ಎಸ್‌ಕ್ಯೂಎಲ್ ಕೈಯಿಂದ ಓಡಿಸೋ ಪರದೆ) ಹೊಡೆದು ಬಿಟ್ಟರೆ ಪ್ರೊಡಕ್ಷನ್‌ಗೂ ಟೆಸ್ಟ್‌ಗೂ ತಾಳೆ ಇರಲ್ಲ.

ಪೆರ್ಲ_ಅಡಿಕೆತೋಟ
ಆಯಿತು. ಟೆಸ್ಟಿನಲ್ಲಿ ಮೊದಲು ಮಾಡಿದೆ, ಮಧ್ಯಾಹ್ನ ಪ್ರೊಡಕ್ಷನ್‌ನಲ್ಲಿ. ಇಮೇಜ್ ಕಾಪಿ, ಹೊಸ ಮಿತಿಯ ಚೆಕ್, ಹಳೆಯದು ಡ್ರಾಪ್, ಏಳು ಸಾಲಿನ ತಿದ್ದುಪಡಿ, ದಸ್ತಾವೇಜು–ಸಾಲದ ಚೆಕ್, ಆಮೇಲೆ ಲೋಡ್. 1,862ರಲ್ಲಿ 1,859 ಒಳಗೆ. 3 ಹೊರಗೆ: ಮೂರೂ ದಸ್ತಾವೇಜು–ಸಾಲದ ಚೆಕ್‌ಗೆ ಸಿಕ್ಕಿದ್ದು. ದಸ್ತಾವೇಜು 1950ರ ಆಸುಪಾಸು, ಆದರೆ ಸಾಲದ ತಾರೀಕು 0001-01-01.

ಅಕ್ಕಲಕೋಟಿ_ಬ್ಯಾಚ್
ಅಂದ್ರ ಸಾಲದ ತಾರೀಕಿನ ಕಾಲಮಿಗೆ ಚೆಕ್ಕೇ ಇಲ್ಲ. ಹೀಂಗ ಇರೂವು ಪಾರ್ಟಿಷನ್ 1ರಾಗ ಇನ್ನೂ ಎಷ್ಟ ಕೂತಾವ ನೋಡ್ರಿ.

ಪೆರ್ಲ_ಅಡಿಕೆತೋಟ
ನೋಡಿದೆ. 412, ಎಲ್ಲದರಲ್ಲೂ ದಸ್ತಾವೇಜಿನ ತಾರೀಕು ನಲ್, ಅದಕ್ಕೇ ಚೆಕ್‌ಗೆ ಸಿಗಲಿಲ್ಲ. ಅದಕ್ಕೆ ಬೇರೆ ಥ್ರೆಡ್ ತೆಗೆಯುತ್ತೇನೆ. ಡಿಸ್‌ಪ್ಲೇ ಡೇಟಾಬೇಸ್ ರಿಸ್ಟ್ರಿಕ್ಟ್ ಕೊಟ್ಟರೆ ಈಗ ಏನೂ ಇಲ್ಲ, ಎಲ್ಲ ಆರ್‌ಡಬ್ಲ್ಯೂ (ಓದಲಿಕ್ಕೂ ಬರೆಯಲಿಕ್ಕೂ ತೆರೆದಿದೆ). ಆ 234 ಕಾಗದ ನಾಳೆ ಮಂಜೇಶ್ವರಕ್ಕೆ ಹೋಗ್ತವೆ.